ಹಬ್ ಬಿಚ್ಚದೆ ಗ್ರೀಸ್ ಹೊಡೆಸಿದ ಅಳಿಯನಿಗೆ

ಸಿಂಧನೂರು

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನ ಅತ್ತೆಯ ಮೊಣಕಾಲು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ.

ನೀನು ಮಿನಿ ಟ್ರ್ಯಾಕ್ಟರಿಗೆ ಹಳೆಯದೊಂದು ಸಣ್ಣ ಟ್ರೇಲರ್ ಕೊಂಡ ಸುದ್ದಿಯನ್ನು ಮೊನ್ನೆ ನಿನ್ನ ಅವ್ವ ಫೋನಿನಲ್ಲಿ ಹೇಳಿದಳು. ಕಾಲುವೆಗೆ ಇಳಿಸಿ ತೊಳೆದು, ಚಕ್ರಗಳಿಗೆ ಗ್ರೀಸ್ ಹೊಡೆಸಿ, ಪೂಜೆ ಮಾಡಿಸಿದ್ದಾನೆ, ಮದುಮಗನ ಹಾಗೆ ನಿಂತಿದೆ ಎಂದು ಹಿಗ್ಗಿದಳು. ಪೂಜೆಗೆ ನನ್ನ ತಕರಾರಿಲ್ಲ. ಉಳಿದೆರಡಕ್ಕೆ ಇದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ‘ಹೂಂ ಮಾವ’ ಎನ್ನುತ್ತ ಆ ಕಡೆ ಎಮ್ಮೆಗೆ ಹುಲ್ಲು ಹಾಕುತ್ತಿರುತ್ತೀಯ. ಅದಕ್ಕೇ ಈ ಕಾಗದ.

ಮೊದಲು ಗ್ರೀಸಿನ ವಿಷಯ. ಚಕ್ರದ ನಡುವಿನ ಗಡ್ಡೆ, ಅಂದರೆ ಹಬ್ಬಿನ ಮೇಲಿರುವ, ಗ್ರೀಸ್ ತುಂಬುವ ಮೂತಿಯಾದ ನಿಪ್ಪಲ್‌ಗೆ ಗನ್ ಇಟ್ಟು, ಇನ್ನು ಒಳಗೆ ಹೋಗದು ಎನ್ನುವವರೆಗೆ ಒತ್ತಿಸಿದ್ದೀಯ ತಾನೆ? ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂದುಕೊಂಡಿರುತ್ತೀಯ. ಹೋಳಿಗೆಗೆ ತುಪ್ಪದ ವಿಷಯದಲ್ಲಿ ಅದು ಸರಿ. ಹಬ್ಬಿನ ಒಳಗೆ ಎರಡು ಬೇರಿಂಗ್‌ಗಳ ನಡುವೆ ಟೊಳ್ಳು ಜಾಗವಿದೆ. ಬೇರಿಂಗ್ ಎಂದರೆ ಚಕ್ರ ಸಲೀಸಾಗಿ ತಿರುಗಲೆಂದು ಉಕ್ಕಿನ ರೋಲರ್ ಕೂರಿಸಿದ ಬಳೆ. ನಿಪ್ಪಲ್‌ನಿಂದ ಹೋದ ಗ್ರೀಸ್ ಮೊದಲು ಆ ಟೊಳ್ಳನ್ನು ತುಂಬುತ್ತದೆ. ರೋಲರ್‌ಗಳ ಸಂದಿಗೆ ಹೋಯಿತೋ ಇಲ್ಲವೋ ಹೊರಗೆ ನಿಂತವನಿಗೆ ಗೊತ್ತಾಗುವುದಿಲ್ಲ. ಟೊಳ್ಳು ತುಂಬಿದ ಮೇಲೂ ಒತ್ತಿದರೆ ಹಬ್ಬಿನ ಹಿಂಬದಿಯನ್ನು ಮುಚ್ಚುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಜಾರಿ ಹೊರಬರುತ್ತದೆ, ಇಲ್ಲವೆ ಅದರ ತುಟಿ ಮಡಚಿಕೊಳ್ಳುತ್ತದೆ. ಚಕ್ರದ ಒಳಮೈಯಲ್ಲಿ ಗ್ರೀಸ್ ಒಸರಿ ಟೈರಿಗೆ ಹತ್ತಿದೆಯೇ, ಬಗ್ಗಿ ನೋಡು. ಹತ್ತಿದ್ದರೆ ಸೀಲ್ ಆಗಲೇ ಹೋಗಿದೆ. ನೀನು ಹಣ ಕೊಟ್ಟು ಬಾಗಿಲು ತೆರೆಸಿಕೊಂಡಿದ್ದೀಯ.

ಆ ತೆರೆದ ಬಾಗಿಲಿನಿಂದ ಒಳಗೆ ಬರುವುದು ಕಾಲುವೆಯ ನೀರು. ನಿಮ್ಮ ಕಾರಟಗಿ ಕಡೆಯಾಗಲಿ ನಮ್ಮ ಸಿಂಧನೂರಾಗಲಿ, ತುಂಗಭದ್ರಾ ಎಡದಂಡೆಯ ನೀರಿನಿಂದ ಬದುಕುವ ಊರುಗಳು. ಭತ್ತ ಇಳಿಸಿ ಬಂದ ಕೂಡಲೇ ಗಾಡಿಯನ್ನು ಉಪಕಾಲುವೆಗೆ ಇಳಿಸಿ ತೊಳೆಯುವುದು ನಮಗೆಲ್ಲ ರೂಢಿ. ಮಗುವಿಗೆ ದೃಷ್ಟಿ ತೆಗೆಯುವಾಗ ನಿನ್ನ ಅಜ್ಜಿ ಚೊಂಬಿನಲ್ಲಿ ಬಟ್ಟೆ ಸುಟ್ಟು, ತಟ್ಟೆಯ ಕೆಂಪು ನೀರಿನ ಮೇಲೆ ಬೋರಲು ಹಾಕುತ್ತಿದ್ದಳಲ್ಲ, ನೆನಪಿದೆಯೆ? ಗೊಳಗೊಳ ಸದ್ದಿನೊಂದಿಗೆ ನೀರೆಲ್ಲ ಚೊಂಬಿನೊಳಗೆ ಏರುತ್ತಿತ್ತು. ದೂರದಿಂದ ಓಡಿ ಬಂದ ಹಬ್ ಕೂಡ ಅಂಥದೇ ಬಿಸಿ ಚೊಂಬು. ಒಳಗಿನ ಗಾಳಿ ಕಾದು ಹಿಗ್ಗಿರುತ್ತದೆ. ತಣ್ಣೀರು ತಾಗಿದೊಡನೆ ಕುಗ್ಗುತ್ತದೆ, ಕುಗ್ಗುವಾಗ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಆ ನೀರಿನ ಜೊತೆ ಎರೆ ಮಣ್ಣಿನ ನುಣುಪು ಕೆಸರೂ ಒಳಗೆ ಹೋಗಿ ರೋಲರಿಗೆ ಉಜ್ಜುಕಾಗದವಾಗುತ್ತದೆ. ನೀರು ಕುಡಿದ ಗ್ರೀಸ್ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಗಾಡಿ ಎರಡು ತಿಂಗಳು ಸುಮ್ಮನೆ ನಿಂತರೆ ರೋಲರ್ ಕೂತ ಕಡೆಯಲ್ಲೇ ತುಕ್ಕಿನ ಗೆರೆ ಮೂಡುತ್ತದೆ.

ಗಾಡಿ ತೊಳೆಯಬೇಡ ಎನ್ನುತ್ತಿಲ್ಲ. ಹಬ್ ತಣ್ಣಗಾಗುವವರೆಗೆ ಬೇವಿನ ನೆರಳಿಗೆ ನಿಲ್ಲಿಸಿ, ಒಂದು ಚಹಾ ಕುಡಿದು, ಆಮೇಲೆ ದಡದ ಮೇಲೆಯೇ ಕೊಡದಿಂದ ನೀರು ಹಾಕಿ ತೊಳೆ. ಚಕ್ರ ಮುಳುಗಿಸಬೇಡ. ಸರ್ವಿಸ್ ಸ್ಟೇಷನ್‌ನ ಜೋರು ಪೈಪನ್ನು ಸೀಲಿನ ಕಡೆಗೆ ಹಿಡಿಯಲು ಬಿಡಬೇಡ.

ಇಷ್ಟು ಜೋರಾಗಿ ಹೇಳಲು ನನಗೆ ಹಕ್ಕು ಎಲ್ಲಿಂದ ಬಂತು ಎಂದು ಕೇಳಿದರೆ, ನನ್ನದೇ ತಪ್ಪಿನಿಂದ. ಅದು 1996ರ ಡಿಸೆಂಬರ್. 75 ಕಿಲೋದ 40 ಚೀಲ ಭತ್ತ, ಅಂದರೆ ಮೂರು ಟನ್, ಗಂಗಾವತಿಯ ಗಿರಣಿಗೆ ಒಯ್ಯುತ್ತಿದ್ದೆ. ಹಿಂದಿನ ದಿನ ಎಡಚಕ್ರ ತುಸು ಅಲುಗಾಡಿದಂತೆ ಕಂಡಿತ್ತು. ಅಲುಗಾಡಿದರೆ ಬಿಗಿ ಮಾಡಬೇಕು, ಅಷ್ಟೇ ಅಲ್ಲವೆ? ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ, ಮೈಮೇಲಿನ ಬಲವನ್ನೆಲ್ಲ ಹಾಕಿ ಹಬ್ಬಿನ ನಟ್ ಬಿಗಿದೆ. ನಟ್ ತಿರುಗದಂತೆ ತಡೆಯುವ ಹಳೆಯ ಸ್ಪ್ಲಿಟ್ ಪಿನ್ ಮುರಿಯಿತು. ಹೊಸದು ತರಲು ಯಾರು ಹೋಗುತ್ತಾರೆ ಎಂದು ಸೆಂಟ್ರಿಂಗ್ ಕೆಲಸದ ತಂತಿಯ ತುಂಡು ಸುತ್ತಿದೆ. ರಾತ್ರಿ ರಸ್ತೆಯಲ್ಲಿ ಸುಟ್ಟ ವಾಸನೆ ಬಂತು. ಯಾರೋ ಹೊಲದಲ್ಲಿ ಹುಲ್ಲು ಸುಡುತ್ತಿದ್ದಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಚಕ್ರವೊಂದು ನನ್ನನ್ನು ದಾಟಿ ಮುಂದೆ ಉರುಳಿತು. ಯಾರ ಗಾಡಿಯದಪ್ಪ ಇದು ಎಂದು ಯೋಚಿಸುವಷ್ಟರಲ್ಲಿ ನನ್ನ ಟ್ರೇಲರ್ ಎಡಕ್ಕೆ ಕುಸಿದು ಆಕ್ಸಲ್ ರಸ್ತೆಯನ್ನು ಉಳುತ್ತಿತ್ತು. ಎದುರಿಗೆ ಯಾರೂ ಬರಲಿಲ್ಲ. ಬಂದಿದ್ದರೆ ಈ ಕಾಗದ ಬರೆಯುವ ಮುಖ ನನಗಿರುತ್ತಿರಲಿಲ್ಲ.

ಬೆಳಿಗ್ಗೆ ನೋಡಿದಾಗ ಆದದ್ದು ಕಣ್ಣಿಗೆ ಕಟ್ಟಿತು. ಬಿಗಿ ಹೆಚ್ಚಾಗಿ ರೋಲರ್‌ಗಳಿಗೆ ಉಸಿರಾಡಲು ಜಾಗವಿರಲಿಲ್ಲ. ಕಾದು ಗ್ರೀಸ್ ಕರಗಿ ಹರಿಯಿತು. ರೋಲರ್‌ಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಕೇಜ್ ಒಡೆಯಿತು, ರೋಲರ್‌ಗಳು ಅಡ್ಡ ಸಿಕ್ಕಿಕೊಂಡವು, ಬೇರಿಂಗಿನ ಒಳಬಳೆ ಆಕ್ಸಲ್ ಮೇಲೇ ತಿರುಗತೊಡಗಿ ನಟ್ಟನ್ನು ಜೊತೆಗೆ ತಿರುಗಿಸಿತು. ತಂತಿ ಕಡಿಯಲು ಎಷ್ಟು ಹೊತ್ತು ಬೇಕು! ನಮ್ಮ ಅಜ್ಜನ ಎತ್ತಿನ ಬಂಡಿಗೆ ಕಡೆಗೀಲು ಇತ್ತು. ಅದಿಲ್ಲದೆ ಬಂಡಿ ಮನೆಯ ಮುಂದಿನ ಓಣಿಯನ್ನೂ ದಾಟುತ್ತಿರಲಿಲ್ಲ. ಬಂಡಿಯ ಅಡಿಯಲ್ಲಿ ತೂಗುವ ಬಿದಿರಿನ ಗೊಟ್ಟದಲ್ಲಿ ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ ಇರುತ್ತಿತ್ತು. ಚಕ್ರ ಕಳಚಿ ಅದನ್ನು ಹಚ್ಚುವಾಗ ಅಜ್ಜ ಅಚ್ಚಿನ ಸವೆತವನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ಅವನ ಮೊಮ್ಮಗನಾದ ನಾನು ತಂತಿ ಸುತ್ತಿದೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಖಾಲಿ ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸಿಯೇ ಇಟ್ಟು ಬ್ರೇಕ್ ಹಾಕು. ಆಚೆ ಚಕ್ರದ ಎರಡೂ ಬದಿಗೆ ಕಲ್ಲು ಕೊಡು. ಗಟ್ಟಿ ನೆಲವಿರಲಿ, ಎರೆ ನೆಲದಲ್ಲಿ ಜಾಕ್ ಹೂತುಹೋಗುತ್ತದೆ, ಕೆಳಗೆ ದಪ್ಪ ಹಲಗೆ ಹಾಕು. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಮರದ ದಿಮ್ಮಿ ಕೊಡದೆ ಕೈ ಹಾಕಬೇಡ.

ಬಿಚ್ಚುವ ಮೊದಲು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸು. ಕಟಕಟ ಎಂದರೆ ಸಡಿಲ. ಕೈಯಿಂದ ತಿರುಗಿಸಿ ಕಿವಿಗೊಡು. ಬೀಸುಕಲ್ಲಿನ ಸದ್ದು ಬಂದರೆ ಒಳಗೆ ಕೆಟ್ಟಿದೆ. ಆಮೇಲೆ ಚಕ್ರ ತೆಗೆದು, ಡಸ್ಟ್ ಕ್ಯಾಪ್, ಸ್ಪ್ಲಿಟ್ ಪಿನ್, ನಟ್, ವಾಷರ್ ತೆಗೆದು ಹಬ್ಬನ್ನು ಎಳೆ. ಹೊರಗಿನ ಸಣ್ಣ ಬೇರಿಂಗ್ ಮೊದಲು ಕೈಗೆ ಬರುತ್ತದೆ, ಬೀಳದಂತೆ ಅಂಗೈ ಒಡ್ಡು. ಒಳಗಿನ ದೊಡ್ಡದು ಸೀಲಿನ ಹಿಂದೆ ಇರುತ್ತದೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಬೇರೆ ಬೇರೆ ತಾಟಿನಲ್ಲಿಡು. ತಮ್ಮ ಕಪ್ಪಿನ, ಅಂದರೆ ಹಬ್ಬಿನೊಳಗೆ ಕೂತ ಹೊರಬಳೆಯ, ಜೊತೆ ಸವೆದು ಹೊಂದಿಕೊಂಡ ಬೇರಿಂಗ್‌ಗಳನ್ನು ಅದಲುಬದಲು ಮಾಡಬಾರದು.

ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಹಾಕಿ ತೊಳೆ. ಪೆಟ್ರೋಲ್ ಬೇಡ. ಪಂಕ್ಚರ್ ಅಂಗಡಿಯ ಹುಡುಗರು ಗಾಳಿ ಹೊಡೆದು ಬೇರಿಂಗನ್ನು ಬುಗುರಿಯಂತೆ ತಿರುಗಿಸಿ ನಗುತ್ತಾರೆ. ಆ ವೇಗದಲ್ಲಿ ರೋಲರ್ ಹಾರಿದರೆ ಕಣ್ಣು ಹೋಗುತ್ತದೆ. ನೂಲು ಬಿಡದ ಹತ್ತಿಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸು. ಬಿಸಿಲಿಗೆ ಹಿಡಿದು ಒಂದೊಂದೇ ರೋಲರ್ ನೋಡು. ಮೇಲ್ಮೈ ಕನ್ನಡಿಯಂತಿರಬೇಕು. ಸಿಡುಬಿನ ಕಲೆಯಂಥ ಗುಳಿ, ತುಕ್ಕು, ಕಾದ ನೀಲಿ ಬಣ್ಣ, ಬಾಗಿದ ಕೇಜ್ ಇವುಗಳಲ್ಲಿ ಒಂದು ಕಂಡರೂ ಆಸೆ ಬಿಡು. ಹಬ್ಬಿನೊಳಗೆ ಕೂತ ಕಪ್ಪಿನ ಒಳಮೈಗೂ ಇದೇ ಪರೀಕ್ಷೆ. ಕಪ್ ತೆಗೆಯುವುದು ಕಷ್ಟವೆಂದು ಬೇರಿಂಗ್ ಮಾತ್ರ ಹೊಸದು ಹಾಕುವವರಿದ್ದಾರೆ. ಗುಳಿಬಿದ್ದ ಕಪ್ ಹೊಸ ರೋಲರನ್ನು ಬೇಗ ತಿಂದುಹಾಕುತ್ತದೆ. ಎರಡನ್ನೂ ಜೋಡಿಯಾಗಿಯೇ ಬದಲಿಸು.

ಒಳಬಳೆಯ ಅಂಚಿನಲ್ಲಿ ನಂಬರ್ ಕೆತ್ತಿರುತ್ತದೆ, ಬರೆದುಕೊ. 30207 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸು: ಒಳರಂಧ್ರ 35 ಮಿ.ಮೀ. ಆಕ್ಸಲನ್ನು ಅಳೆದು ತಾಳೆ ನೋಡಿದರೆ ಅಂಗಡಿಯಲ್ಲಿ ಯಾರೂ ನಿನಗೆ ತಪ್ಪು ಮಾಲು ದಾಟಿಸಲಾರರು. ಬಿಲ್ಲು ಕೊಡುವ ಬೇರಿಂಗ್ ಅಂಗಡಿಯಲ್ಲೇ ಕೊಳ್ಳು, ನಕಲಿ ಮಾಲು ಬಹಳ ಇದೆ. ಈ ಬೇರಿಂಗ್ ಯಾಕೆ ಓರೆಯಾಗಿದೆ ಎಂದು ನೀನು ಚಿಕ್ಕವನಿದ್ದಾಗ ಕೇಳಿದ್ದೆ. ಆಗ ನನಗೆ ಗೊತ್ತಿರಲಿಲ್ಲ. ಗಾಡಿ ತಿರುವಿನಲ್ಲಿ ಹೋಗುವಾಗ ಭಾರ ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ತಳ್ಳುತ್ತದೆ. ಓರೆ ರೋಲರ್ ಎರಡನ್ನೂ ಹೊರುತ್ತದೆ. ಅಮೆರಿಕದಲ್ಲಿ ಕುದುರೆ ಗಾಡಿ ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ ಎಂಬಾತ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನೂ ಬಂಡಿಯವನೇ, ನಮ್ಮ ಕುಲ.

ಗ್ರೀಸ್ ಲಿಥಿಯಂನದ್ದಿರಲಿ. ಡಬ್ಬಿಯ ಮೇಲೆ ವೀಲ್ ಬೇರಿಂಗಿಗೆ ಎಂದು ಬರೆದಿದೆಯೇ ಓದು. ಅಗ್ಗದ ಕ್ಯಾಲ್ಸಿಯಂ ಗ್ರೀಸ್ ನೀರಿಗೆ ಜಗ್ಗದು, ಆದರೆ ಬಿಸಿಗೆ ಬೇಗ ಕರಗುತ್ತದೆ. ನಮ್ಮ ಬೇಸಿಗೆಗೆ ಅದನ್ನು ಹಬ್ಬಿನೊಳಗೆ ನಂಬಲಾಗದು. ಹಳೆಯದನ್ನು ಒರೆಸಿ ತೆಗೆಯದೆ ಬೇರೆ ಜಾತಿಯದನ್ನು ಸೇರಿಸಿದರೆ ಎರಡೂ ಕೂಡಿ ತೆಳ್ಳಗಾಗಿ ಹರಿದುಹೋಗಬಹುದು.

ತುಂಬುವುದು ಕೈಯಿಂದಲೇ. ಎಡ ಅಂಗೈಯಲ್ಲಿ ನಿಂಬೆ ಗಾತ್ರದ ಗ್ರೀಸ್ ಇಟ್ಟುಕೊ. ಬೇರಿಂಗಿನ ಅಗಲ ಬದಿಯನ್ನು ಅಂಗೈಯ ಅಂಚಿಗೆ ಒತ್ತಿ ಒತ್ತಿ ಎಳೆ. ಆಚೆ ಬದಿಯ ಸಂದಿಗಳಿಂದ ಶಾವಿಗೆಯಂತೆ ಗ್ರೀಸ್ ಹೊರಬರುವವರೆಗೆ ಬಿಡಬೇಡ, ಸುತ್ತಲೂ ಹಾಗೇ ಮಾಡು. ನಡುವಿನ ಟೊಳ್ಳಿಗೆ ಮೂರರಲ್ಲಿ ಒಂದು ಪಾಲು, ಹೆಚ್ಚೆಂದರೆ ಅರ್ಧ. ಬಿಸಿಯಾದಾಗ ಹಿಗ್ಗಲು ಅದಕ್ಕೂ ಜಾಗ ಬೇಕು. ಸೀಲ್ ಪ್ರತಿ ಸಲ ಹೊಸದು. ಸ್ಪ್ರಿಂಗ್ ಇರುವ ಮುಖ ಒಳಗಡೆಗೆ, ಗ್ರೀಸಿನ ಕಡೆಗೆ. ತುಟಿಗೆ ತುಸು ಗ್ರೀಸ್ ಸವರಿ, ಮರದ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸು.

ಇನ್ನು ನಟ್. ಈ ಕಾಗದದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡ. ಹಬ್ಬನ್ನು ಒಂದು ಕೈಯಿಂದ ತಿರುಗಿಸುತ್ತಲೇ ನಟ್ಟನ್ನು ಸ್ಪ್ಯಾನರಿನಿಂದ ಬಿಗಿ ಮಾಡು, ತಿರುಗುವುದು ಭಾರವೆನಿಸುವವರೆಗೆ. ಇದು ರೋಲರ್‌ಗಳು ತಮ್ಮ ಜಾಗದಲ್ಲಿ ಕೂರಲಿ ಎಂದು ಮಾತ್ರ. ಆಮೇಲೆ ನಟ್ಟನ್ನು ಪೂರ್ತಿ ಸಡಿಲಿಸಿ, ಈ ಸಲ ಬರೀ ಬೆರಳಿನಿಂದ ತಿರುಗಿಸು. ಎಲ್ಲಿ ತಾನಾಗಿ ನಿಲ್ಲುತ್ತದೋ ಅಲ್ಲೇ ಬಿಡು. ಪಿನ್ನಿನ ರಂಧ್ರ ಸರಿಹೊಂದದಿದ್ದರೆ ಹಿಂದಕ್ಕೆ ಸಡಿಲಿಸಿ ಹೊಂದಿಸು, ಮುಂದಕ್ಕೆ ಬಿಗಿದು ಹೊಂದಿಸಬೇಡ. ಚಕ್ರ ಹಾಕಿ ಅಲುಗಾಡಿಸಿದಾಗ ಇದೆಯೋ ಇಲ್ಲವೋ ಎನ್ನುವಷ್ಟು ಆಟವಿರಬೇಕು. ಸ್ವಲ್ಪ ಸಡಿಲಿದ್ದ ಬೇರಿಂಗ್ ಸದ್ದು ಮಾಡಿ ನಿನ್ನನ್ನು ಕರೆಯುತ್ತದೆ. ಬಿಗಿಯಾದದ್ದು ಸದ್ದಿಲ್ಲದೆ ಸುಡುತ್ತದೆ. ಹೊಸ ಸ್ಪ್ಲಿಟ್ ಪಿನ್ ಹಾಕಿ ಕಾಲುಗಳನ್ನು ಮಡಚು. ಅದರ ಬೆಲೆ ಬೀಡಾದ ಬೆಲೆಗಿಂತ ಹೆಚ್ಚಿಲ್ಲ.

ಮೊದಲ ಸಲ ಓಡಿಸಿದಾಗ ಹತ್ತು ಕಿಲೋಮೀಟರಿಗೆ ನಿಲ್ಲಿಸಿ ಎರಡೂ ಹಬ್ಬುಗಳಿಗೆ ಹಿಂಗೈ ತಾಗಿಸು. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಿದ್ದರೆ, ಅಥವಾ ಒಂದು ಬೆಚ್ಚಗೆ ಮತ್ತೊಂದು ಸುಡುತ್ತಿದ್ದರೆ, ಮುಂದೆ ಹೋಗಬೇಡ. ಚಕ್ರದ ನಟ್ಟುಗಳನ್ನು ಆಗಲೇ ಮತ್ತೊಮ್ಮೆ ಬಿಗಿ ಮಾಡಿಕೊ. ಅವು ಗಟ್ಟಿಯಾಗಿಯೇ ಇರಬೇಕು, ಬೆರಳಿನ ಬಿಗಿ ಹಬ್ಬಿನ ನಟ್ಟಿಗೆ ಮಾತ್ರ. ಇವೆರಡನ್ನು ಕಲಸಿಕೊಂಡು ಇನ್ನೊಂದು ಚಕ್ರವನ್ನು ನನ್ನ ಹಾಗೆ ಮುಂದೆ ಕಳಿಸಬೇಡ.

ಎಷ್ಟು ದಿನಕ್ಕೊಮ್ಮೆ ಎಂದರೆ, ನಮಗೆ ಪಂಚಾಂಗ ಬೇಡ, ಕಾಲುವೆಯೇ ಸಾಕು. ಬೇಸಿಗೆ ಭತ್ತ ಸಾಗಿಸಿ ಮುಗಿದು, ಕಾಲುವೆ ಒಣಗಿರುವಾಗ, ಮುಂಗಾರಿನ ನೀರು ಬಿಡುವ ಮೊದಲು ಒಮ್ಮೆ ಬಿಚ್ಚು. ನಡುವೆ ಹಳ್ಳದಲ್ಲೋ ಗದ್ದೆಯಲ್ಲೋ ಚಕ್ರ ಮುಳುಗಿದರೆ ಆ ವಾರವೇ ಬಿಚ್ಚು, ಮುಂದಿನ ಬೇಸಿಗೆಯನ್ನು ಕಾಯಬೇಡ. ಗಾಡಿ ಸುಮ್ಮನೆ ನಿಂತಿದ್ದಾಗ ಹದಿನೈದು ದಿನಕ್ಕೊಮ್ಮೆ ನಾಲ್ಕು ಮಾರು ಮುಂದೆ ಹಿಂದೆ ಸರಿಸು.

ಚೀಲ ಎಷ್ಟು ಹೇರುತ್ತೀಯ ಎಂದು ನಾನು ಕೇಳಿಲ್ಲ. ಕೇಳಿದರೆ ನೀನು ಸುಳ್ಳು ಹೇಳಬೇಕಾಗುತ್ತದೆ.

ಈಗ ನಿನ್ನ ಟ್ರೇಲರಿಗೆ ಭತ್ತ ಹೇರುವ ಮೊದಲೇ ಬರುವ ಭಾನುವಾರ ಖಾಲಿ ಗಾಡಿಯನ್ನು ನಿಧಾನವಾಗಿ ಇಲ್ಲಿಗೆ ತಾ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಹಬ್ ಮುಟ್ಟಿ ನೋಡು. ಜಾಕ್, ಹಿತ್ತಾಳೆಯ ಉಳಿ, ಗ್ರೀಸ್ ನನ್ನಲ್ಲಿವೆ. ಸ್ಪ್ಲಿಟ್ ಪಿನ್ ಡಜನ್ ತಂದಿಟ್ಟಿದ್ದೇನೆ. ಸೀಲಿನ ಅಳತೆ ಬಿಚ್ಚಿದ ಮೇಲೆ ನೋಡಿ ತರೋಣ. ನಿನ್ನ ಅವ್ವನನ್ನೂ ಕರೆದುಕೊಂಡು ಬಾ, ಆದರೆ ಟ್ರೇಲರಿನಲ್ಲಿ ಕೂರಿಸಿಕೊಂಡು ಅಲ್ಲ, ಬಸ್ಸಿಗೆ ಹತ್ತಿಸು.

ಇಂತಿ ನಿನ್ನ
ಸೋದರಮಾವ