ಹಗ್ಗದ ಬದಲು ಅಯಸ್ಕಾಂತ: ಪರೀಕ್ಷಿಸಿ ನೋಡಬೇಕು

ಮಾನ್ಯ ಸಂಪಾದಕರೇ,

ಹಡಗುಗಳನ್ನು ಧಕ್ಕೆಗೆ ಬಿಗಿಯುವ ಕೆಲಸ ಇಂದಿಗೂ ಬಹುಮಟ್ಟಿಗೆ ಹಗ್ಗಗಳನ್ನೇ ನೆಚ್ಚಿಕೊಂಡಿದೆ. ಎಳೆತಕ್ಕೆ ಹಿಗ್ಗಿದ ನೈಲಾನ್ ಹಗ್ಗ ತುಂಡಾದರೆ, ಅದರಲ್ಲಿ ಅಡಗಿದ್ದ ಶಕ್ತಿಯೆಲ್ಲ ಕ್ಷಣಾರ್ಧದಲ್ಲಿ ಬಿಡುಗಡೆಯಾಗಿ, ಹಿಂದಕ್ಕೆ ಬೀಸುವ ತುದಿಯು ಸಮೀಪದಲ್ಲಿ ನಿಂತ ಕಾರ್ಮಿಕನ ಪ್ರಾಣವನ್ನೇ ತೆಗೆಯಬಲ್ಲದು. ಹಗ್ಗದ ಬದಲು ಧಕ್ಕೆಯಿಂದಲೇ ಹಡಗಿನ ಹೊರಮೈಯನ್ನು ಅಂಟಿ ಹಿಡಿಯುವ, ನ್ಯೂಜಿಲೆಂಡಿನಲ್ಲಿ ರೂಪುಗೊಂಡ ನಿರ್ವಾತ ಪ್ಯಾಡುಗಳೂ ನೆದರ್ಲೆಂಡ್ಸ್‌ನಲ್ಲಿ ಅಭಿವೃದ್ಧಿಗೊಂಡ ಅಯಸ್ಕಾಂತ ಪ್ಯಾಡುಗಳೂ ಕಾರ್ಮಿಕರನ್ನು ಈ ಅಪಾಯದಿಂದ ದೂರವಿಡುತ್ತವೆ.

ಆದರೆ ಅಯಸ್ಕಾಂತವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ಯಾಡಿಗೂ ಉಕ್ಕಿನ ಹೊರಮೈಗೂ ನಡುವೆ ಬಣ್ಣದ ದಪ್ಪ ಪದರವೋ ತುಕ್ಕೋ ಕೆಲವೇ ಮಿಲಿಮೀಟರ್ ಅಂತರ ಉಂಟುಮಾಡಿದರೂ ಹಿಡಿತ ಗಣನೀಯವಾಗಿ ಕುಗ್ಗುತ್ತದೆ. ಹಡಗಿನ ಮೂತಿಯ ಬಾಗಿದ ಭಾಗದಲ್ಲಿ ಪ್ಯಾಡು ಸರಿಯಾಗಿ ಕೂರುವುದೂ ಇಲ್ಲ. ವಿದ್ಯುತ್ಕಾಂತವಾದರೆ ವಿದ್ಯುತ್ ಕಡಿತವಾದೊಡನೆ ಹಡಗು ಕೈಬಿಡುವ ಭಯವಿರುವುದರಿಂದ, ಶಾಶ್ವತ ಅಯಸ್ಕಾಂತ ಅಥವಾ ಪರ್ಯಾಯ ವಿದ್ಯುತ್ ವ್ಯವಸ್ಥೆ ಅನಿವಾರ್ಯ. (ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಮಂಜಿಗಳಿಗಂತೂ ಹಗ್ಗವೇ ಗತಿ.)

ಪಣಂಬೂರಿನ ನವಮಂಗಳೂರು ಬಂದರಿನ ಆಡಳಿತವು ಒಂದು ಧಕ್ಕೆಯಲ್ಲಿ, ಹಗ್ಗಗಳನ್ನು ತೆಗೆಯದೆಯೇ, ಮಳೆಗಾಲವೂ ಸೇರುವಂತೆ ಈ ಅಯಸ್ಕಾಂತ ವ್ಯವಸ್ಥೆಯನ್ನು ಪ್ರಾಯೋಗಿಕವಾಗಿ ಅಳವಡಿಸಿ ಫಲಿತಾಂಶವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

— ಓರ್ವ ಓದುಗ, ಮಂಗಳೂರು