ಧಾರಾವಿಯ ಗಲ್ಲಿಯಿಂದ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರ್ವಜನಿಕ ಆರೋಗ್ಯ ಸಚಿವರು,
ಮಹಾರಾಷ್ಟ್ರ ಸರ್ಕಾರ, ಮಂತ್ರಾಲಯ, ಮುಂಬಯಿ

ಮಾನ್ಯರೇ,

ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕನ್ನಡದಲ್ಲಿಯೂ ಪ್ರಕಟಿಸಲು ಕಾರಣವಿದೆ. ನನ್ನ ರೋಗಿಗಳಲ್ಲಿ ಹೆಚ್ಚಿನವರು ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಧಾರಾವಿಯಲ್ಲಿ ನೆಲೆಸಿದವರು. ಉಳಿದವರಲ್ಲಿ ಮಾಟುಂಗಾ, ಸಯನ್ ಆಸುಪಾಸಿನ ಹೋಟೆಲುಗಳಲ್ಲಿ ದುಡಿಯುವ ಉಡುಪಿ, ಕುಂದಾಪುರದ ಹುಡುಗರೂ ಇದ್ದಾರೆ. ತಮ್ಮ ವಿಷಯವಾಗಿ ತಮ್ಮ ಡಾಕ್ಟರು ಸರ್ಕಾರಕ್ಕೆ ಏನು ಬರೆದರೆಂಬುದು ಅವರಿಗೂ ತಿಳಿಯಬೇಕು. ನನ್ನ ದವಾಖಾನೆಯ ಫಲಕದಲ್ಲಿ ನಿಯಮದಂತೆ ಮರಾಠಿ ದೊಡ್ಡ ಅಕ್ಷರಗಳಲ್ಲಿದೆ, ಅದರ ಕೆಳಗೆ ಕನ್ನಡವಿದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ. ನಾನು, ಒಬ್ಬ ಕಂಪೌಂಡರ್, ಒಂದು ಪರೀಕ್ಷಾ ಮೇಜು. ಇಪ್ಪತ್ತೆರಡು ವರ್ಷಗಳಿಂದ ಇಷ್ಟೇ.

ನಾನು ಹೇಳಬೇಕಾದುದು ಒಂದೇ ಮಾತು. ಕರ್ತವ್ಯವನ್ನು ಹೊರಿಸುವಾಗ ಸರ್ಕಾರಕ್ಕೆ ಇಂತಹ ದವಾಖಾನೆಗಳು ಕಾಣುತ್ತವೆ. ಆ ಕರ್ತವ್ಯಕ್ಕೆ ಬೇಕಾದ ನೆರವನ್ನು ಹಂಚುವಾಗ ಕಾಣುವುದಿಲ್ಲ.

ಕ್ಷಯದಿಂದ ಆರಂಭಿಸುತ್ತೇನೆ, ನನ್ನ ದಿನದ ಬಹುಪಾಲು ಹೊತ್ತನ್ನು ನುಂಗುವುದು ಅದೇ. ಖಾಸಗಿ ವೈದ್ಯರು ಪತ್ತೆಹಚ್ಚಿದ ಪ್ರತಿಯೊಬ್ಬ ಟಿ.ಬಿ. ರೋಗಿಯ ವಿವರವನ್ನೂ ಸರ್ಕಾರಕ್ಕೆ ತಿಳಿಸಬೇಕೆಂದು ಕೇಂದ್ರ ಸರ್ಕಾರ 2012ರ ಮೇ ತಿಂಗಳಲ್ಲಿ ಆದೇಶಿಸಿತು. 2018ರ ಮಾರ್ಚ್ ತಿಂಗಳ ಅಧಿಸೂಚನೆ ಇದಕ್ಕೆ ಆಗ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯ 269 ಮತ್ತು 270ನೆಯ ಕಲಮುಗಳನ್ನು ಜೋಡಿಸಿತು. ಅಂದರೆ ವಿವರ ಕೊಡದ ವೈದ್ಯನಿಗೆ ಎರಡು ವರ್ಷದವರೆಗೂ ಸೆರೆವಾಸ ಆಗಬಹುದು. ಆದೇಶದ ಬಗ್ಗೆ ನನಗೆ ತಕರಾರಿಲ್ಲ. ಇಂತಹ ಸೂಚನೆಯ ಬೆಲೆ ಈ ನಗರಕ್ಕೆ ಹೊಸದೂ ಅಲ್ಲ: 1896ರ ಸೆಪ್ಟೆಂಬರ್‌ನಲ್ಲಿ ಮಾಂಡವಿಯಲ್ಲಿ ಪ್ಲೇಗನ್ನು ಮೊದಲು ಗುರುತಿಸಿದವರು ಅಕಾಸಿಯೊ ವಿಯೇಗಾಸ್ ಎಂಬ ಗೋವಾ ಮೂಲದ ಖಾಸಗಿ ವೈದ್ಯರು. ಧೋಬಿ ತಲಾವ್‌ನಲ್ಲಿ ಮೆಟ್ರೋ ಸಿನೆಮಾದ ಎದುರು ಅವರ ಪ್ರತಿಮೆಯನ್ನು ನಿಲ್ಲಿಸಿದ ನಗರವಿದು.

ಆದರೆ ನೋಂದಣಿಯೆಂದರೆ ಏನೆಂಬುದನ್ನು ತಾವು ಒಮ್ಮೆ ಹತ್ತಿರದಿಂದ ನೋಡಬೇಕು. ರಾತ್ರಿ ಎಂಟೂವರೆಗೆ, ಹೊರಗಿನ ಬಾಕಿನ ಮೇಲೆ ಇನ್ನೂ ಹದಿನೈದು ಮಂದಿ ಕುಳಿತಿರುವಾಗ, ಕಫ ಪರೀಕ್ಷೆಯ ಚೀಟಿಯೊಂದಿಗೆ ಒಬ್ಬ ಬಿಗಾರಿ ಕೆಲಸದವನು ಬರುತ್ತಾನೆ. ಟಿ.ಬಿ. ರೋಗಿಗಳನ್ನು ದಾಖಲಿಸುವ ಸರ್ಕಾರದ ನಿಕ್ಷಯ್ ಜಾಲತಾಣದಲ್ಲಿ ಅವನ ಹೆಸರು, ವಯಸ್ಸು, ವಿಳಾಸ, ಮೊಬೈಲ್ ಸಂಖ್ಯೆ, ಪರೀಕ್ಷೆಯ ಫಲಿತಾಂಶ, ಸಕ್ಕರೆ ಕಾಯಿಲೆ ಮತ್ತು ಎಚ್‌ಐವಿ ತಪಾಸಣೆಯ ವಿವರ, ಪೋಷಣೆಯ ಹಣಕ್ಕಾಗಿ ಬ್ಯಾಂಕ್ ಖಾತೆ, ಎಲ್ಲವೂ ಬೇಕು. ವಿಳಾಸವೆಂದರೆ ಅವನು ಇನ್ನು ಏಳು ಮಂದಿಯೊಂದಿಗೆ ಹಂಚಿಕೊಂಡ ಮಾಳಿಗೆಯ ಖೋಲಿ, ಮೊಬೈಲ್ ಅವನನ್ನು ಕೆಲಸಕ್ಕೆ ಹಚ್ಚಿದ ಮುಕಾದಮನದು, ಬ್ಯಾಂಕ್ ಖಾತೆ ಸುರಪುರದ ಶಾಖೆಯಲ್ಲಿದೆ, ಪಾಸ್‌ಬುಕ್ ಊರಲ್ಲಿ ಹೆಂಡತಿಯ ಟ್ರಂಕಿನಲ್ಲಿದೆ. ಇದನ್ನೆಲ್ಲ ಕೇಳಿ ತುಂಬಿಸುವ ಹೊತ್ತಿನಲ್ಲಿ ನಾನು ಅವನಿಗೆ ಹೇಳಬೇಕಾದ ಮಾತೇ ಬೇರೆ: ಆರು ತಿಂಗಳು ಒಂದು ದಿನವೂ ಗುಳಿಗೆ ತಪ್ಪಬಾರದು, ಎರಡನೆಯ ತಿಂಗಳಲ್ಲಿ ಕೆಮ್ಮು ನಿಂತಿತೆಂದು ಬಿಟ್ಟರೆ ಕಾಯಿಲೆ ಮದ್ದಿಗೆ ಬಗ್ಗದಂತೆ ತಿರುಗಿ ಬರುತ್ತದೆ, ಮೂತ್ರ ಕೆಂಪಾದರೆ ಹೆದರಬೇಡ. ಜಾಲತಾಣ ತುಂಬುತ್ತದೆ, ಮಾತು ಅರ್ಧವಾಗುತ್ತದೆ.

ಮೂರನೆಯ ತಿಂಗಳಿಗೆ ಅವನೇ ಬಂದು ಕೇಳುತ್ತಾನೆ: "ಸಾಹೇಬ್ರ, ಊರಾಗ ಜಾತ್ರಿ ಐತ್ರಿ, ಒಂದ್ ತಿಂಗಳದ ಗುಳಿಗಿ ಒಮ್ಮೆಲೆ ಕೊಡ್ರಿ." ಜಾತ್ರೆ ಮುಗಿದ ಮೇಲೆ ಬಿತ್ತನೆ, ಬಿತ್ತನೆ ಮುಗಿದ ಮೇಲೆ ಮನೆ ರಿಪೇರಿ. ಕಾಗದದ ಮೇಲೆ ರೋಗಿಯನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ವರ್ಗಾಯಿಸುವ ಏರ್ಪಾಡು ಇದೆ. ಆದರೆ ಆ ವರ್ಗಾವಣೆಯ ಇನ್ನೊಂದು ತುದಿಯಲ್ಲಿ ಅವನನ್ನು ಬರಮಾಡಿಕೊಳ್ಳುವವರು ಇದ್ದಾರೆಯೇ ಎಂಬುದನ್ನು ಫೋನು ಹಚ್ಚಿ ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ, ಅದೂ ಕನ್ನಡ ಬರುತ್ತದೆಂಬ ಕಾರಣಕ್ಕೆ. ಪಕ್ಕದ ಗಲ್ಲಿಯ ನನ್ನ ಗುಜರಾತಿ ಸಹೋದ್ಯೋಗಿ ಇದನ್ನು ಮಾಡಲಾರರು, ಮಾಡಲಿಲ್ಲವೆಂದು ಅವರನ್ನು ದೂರಲೂ ಆಗದು. ಇತ್ತೀಚೆಗೆ ಪುನರ್ವಿಕಾಸದ ಸಮೀಕ್ಷೆಯವರು ಬಂದು ಗಲ್ಲಿಯ ಗೋಡೆಗಳ ಮೇಲೆ ಸಂಖ್ಯೆ ಬರೆದು ಹೋಗಿದ್ದಾರೆ. ನಾಳೆ ಈ ಮನೆಗಳೇ ಚದುರಿದರೆ ನಡುಚಿಕಿತ್ಸೆಯಲ್ಲಿರುವವರನ್ನು ಎಲ್ಲಿ ಹುಡುಕುವುದೆಂಬ ಪ್ರಶ್ನೆ ಆ ಸಮೀಕ್ಷೆಯಲ್ಲಿ ಇದ್ದಂತೆ ನನಗೆ ಕಾಣಲಿಲ್ಲ.

ನೋಂದಣಿ ಮಾಡಿದ ಖಾಸಗಿ ವೈದ್ಯನಿಗೆ ಐನೂರು ರೂಪಾಯಿ, ಚಿಕಿತ್ಸೆಯ ಫಲವನ್ನು ತಿಳಿಸಿದಾಗ ಮತ್ತೆ ಐನೂರು ರೂಪಾಯಿ ಪ್ರೋತ್ಸಾಹಧನವಿದೆ. ರೋಗಿಯ ಪೋಷಣೆಗೆ 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಅದು ಒಳ್ಳೆಯದಾಯಿತು, ಅವನಿಗೆ ಮೊಟ್ಟೆ, ಶೇಂಗಾ ಬೇಕು. ನನ್ನ ಪಾಲಿನ ಹಣ ನನಗೆ ಬೇಡ. ನನಗೆ ಬೇಕಾದದ್ದು ಒಬ್ಬ ಮನುಷ್ಯ: ವಾರಕ್ಕೆ ಎರಡು ಸಂಜೆ ನನ್ನಂತಹ ಹತ್ತು ಹದಿನೈದು ದವಾಖಾನೆಗಳಿಗೆ ಬಂದು, ನನ್ನ ವಹಿಯಿಂದ ವಿವರ ತೆಗೆದುಕೊಂಡು ಜಾಲತಾಣಕ್ಕೆ ಏರಿಸಿ, ರೋಗಿಯ ಖೋಲಿಗೆ ಹೋಗಿ ಗುಳಿಗೆ ಎಣಿಸಿ ಬರುವಂತಹವನು ಅಥವಾ ಅಂತಹವಳು. ಇದು ಆಗದ ಮಾತಲ್ಲ. 2014ರಲ್ಲಿ ಇದೇ ಮುಂಬಯಿಯಲ್ಲಿ ಖಾಸಗಿ ವೈದ್ಯರನ್ನು ಜೋಡಿಸಿಕೊಳ್ಳುವ ಯೋಜನೆಯೊಂದು ನಡೆಯಿತು. ವೈದ್ಯರು ವೋಚರ್ ಕೊಟ್ಟರೆ ರೋಗಿಗೆ ಪರೀಕ್ಷೆಯೂ ಔಷಧವೂ ಉಚಿತವಾಗುತ್ತಿತ್ತು, ನೋಂದಣಿಯ ಕೆಲಸಕ್ಕೆ ಕಾಲ್ ಸೆಂಟರ್ ಇತ್ತು. ಪ್ರಯೋಗದ ಅವಧಿ ಮುಗಿಯಿತು. ಸೆರೆವಾಸದ ಕಲಮು ಉಳಿಯಿತು.

ಇನ್ನೊಂದು ಮಾತನ್ನು ಬಿಡಲಾರೆ. 2024ರ ವಸಂತದಲ್ಲಿ ದೇಶದ ಹಲವೆಡೆ ಟಿ.ಬಿ. ಔಷಧಗಳು ಮುಗಿದವು, ಮೂರು ತಿಂಗಳಿಗೆ ಬೇಕಾದಷ್ಟನ್ನು ಸ್ಥಳೀಯವಾಗಿ ಕೊಂಡುಕೊಳ್ಳಿರೆಂದು ಕೇಂದ್ರವು ಮಾರ್ಚ್‌ನಲ್ಲಿ ರಾಜ್ಯಗಳಿಗೆ ಬರೆಯಿತು. ಒಂದು ದಿನವೂ ತಪ್ಪಬಾರದೆಂದು ಎರಡು ತಿಂಗಳ ಹಿಂದೆ ನಾನು ಯಾರಿಗೆ ಬೋಧಿಸಿದ್ದೆನೋ ಅವರೇ ಬರಿಗೈಯಲ್ಲಿ ನನ್ನೆದುರು ನಿಂತಿದ್ದರು. ಗುಳಿಗೆ ತಪ್ಪಿಸಿದ ರೋಗಿಗೆ ನಮ್ಮ ದಾಖಲೆಗಳಲ್ಲಿ ಒಂದು ಹೆಸರಿದೆ. ಗುಳಿಗೆ ತಪ್ಪಿಸಿದ ವ್ಯವಸ್ಥೆಗೆ ಇನ್ನೂ ಹೆಸರಿಟ್ಟಿಲ್ಲ.

ಕರ್ತವ್ಯಕ್ಕೆ ಕಂಡು ನೆರವಿಗೆ ಕಾಣದಿರುವುದು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಕೋವಿಡ್ ತೋರಿಸಿತು. 2020ರ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಸೋಂಕು ಪತ್ತೆಯಾದ ಮೇಲೆ ಇಲ್ಲಿನ ಖಾಸಗಿ ವೈದ್ಯರು ಮಹಾನಗರಪಾಲಿಕೆಯ ಸಿಬ್ಬಂದಿಯೊಂದಿಗೆ ಗಲ್ಲಿಗಲ್ಲಿ ತಿರುಗಿ ತಪಾಸಣೆ ನಡೆಸಿದರು. ಆ ದಿನಗಳಲ್ಲಿ ದವಾಖಾನೆ ಮುಚ್ಚಿದರೆ ಕ್ರಮ ಜರುಗಿಸಲಾಗುವುದೆಂಬ ನೋಟಿಸುಗಳು ಬಂದಿದ್ದವು. ಅಂತಹ ನೋಟಿಸಿನ ನಂತರ ದವಾಖಾನೆ ತೆರೆದಿಟ್ಟು ಜೂನ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ ನವಿ ಮುಂಬಯಿಯ ವೈದ್ಯರೊಬ್ಬರ ಪತ್ನಿ, ಕೋವಿಡ್ ಸೇವೆಯಲ್ಲಿ ತೀರಿಕೊಂಡ ಆರೋಗ್ಯ ಸಿಬ್ಬಂದಿಗೆಂದು ಕೇಂದ್ರ ಘೋಷಿಸಿದ್ದ 50 ಲಕ್ಷ ರೂಪಾಯಿಯ ವಿಮೆ ಕೇಳಿದಾಗ, ತೆರೆದಿಡಿ ಎಂದದ್ದು ನಿಜವಾದರೂ ಸರ್ಕಾರ ಅವರ ಸೇವೆಯನ್ನು ವಶಕ್ಕೆ ಪಡೆದಿರಲಿಲ್ಲ ಎಂಬ ಉತ್ತರ ಬಂತು. 2021ರ ಮಾರ್ಚ್‌ನಲ್ಲಿ ಬಾಂಬೆ ಉಚ್ಚ ನ್ಯಾಯಾಲಯವೂ ಆ ವಾದವನ್ನೇ ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯ 2025ರ ಡಿಸೆಂಬರ್‌ನಲ್ಲಿ ಬೇರೆ ನಿಲುವು ತಾಳಿ ಇಂತಹ ಕುಟುಂಬಗಳಿಗೆ ದಾರಿ ತೆರೆದಿದೆ. ತೀರ್ಪು ಬಂದಿದೆಯೆಂದು ಸುಮ್ಮನಿರದೆ, ಮಹಾರಾಷ್ಟ್ರದಲ್ಲಿ ತಿರಸ್ಕೃತವಾದ ಅರ್ಜಿಗಳನ್ನು ತಮ್ಮ ಇಲಾಖೆ ತಾನಾಗಿಯೇ ಹುಡುಕಿ ತೆಗೆದು ಮರುಪರಿಶೀಲನೆಗೆ ಒಯ್ಯಬೇಕೆಂದು ಕೋರುತ್ತೇನೆ. ಆ ವಿಧವೆಯರಲ್ಲಿ ಎಲ್ಲರಿಗೂ ದೆಹಲಿಯವರೆಗೆ ಹೋಗುವ ಶಕ್ತಿ ಇರಲಾರದು.

ಹಲ್ಲೆಯ ವಿಷಯದಲ್ಲಿ ಕಾನೂನಿನ ಕೊರತೆಯಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ಮಹಾರಾಷ್ಟ್ರವು 2010ರಲ್ಲಿಯೇ ಕಾಯ್ದೆ ಮಾಡಿದೆ: ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡ, ಹಾಳುಗೆಡವಿದ ಸೊತ್ತಿಗೆ ಎರಡು ಪಟ್ಟು ಪರಿಹಾರ. ಪ್ಲೇಗಿನ ಮರುವರ್ಷ, 1897ರಲ್ಲಿ, ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಇನ್ನೂ ಬಿಗಿಯಾಗಿದೆ, ಆದರೆ ಅದು ಸಾಂಕ್ರಾಮಿಕದ ಕಾಲಕ್ಕೆ ಮಾತ್ರ. ಸಾಮಾನ್ಯ ಮಂಗಳವಾರದ ರಾತ್ರಿ ನಮ್ಮನ್ನು ಕಾಯಬೇಕಾದದ್ದು 2010ರ ಕಾಯ್ದೆಯೇ. ಕೆಲವು ವರ್ಷಗಳ ಹಿಂದೆ, ಬರುವಷ್ಟರಲ್ಲೇ ಉಸಿರು ನಿಂತಿದ್ದ ಒಂದು ಮಗುವನ್ನು ನನ್ನ ಮೇಜಿನ ಮೇಲೆ ಮಲಗಿಸಿದ ಜನ, ಅರ್ಧ ಗಂಟೆಯ ನಂತರ ಆ ಮೇಜನ್ನೂ ಬಾಗಿಲನ್ನೂ ಮುರಿದು ನನ್ನ ಕಂಪೌಂಡರನ ಕೈಗೆ ಪೆಟ್ಟು ಕೊಟ್ಟು ಹೋದರು. ಆ ತಂದೆಯ ಮೇಲೆ ನನಗೆ ಸಿಟ್ಟಿಲ್ಲ, ಅವನು ಮುಟ್ಟಿದ ಬಾಗಿಲುಗಳಲ್ಲಿ ನನ್ನದು ನಾಲ್ಕನೆಯದಾಗಿತ್ತು. ಸಿಟ್ಟಿರುವುದು ಠಾಣೆಯ ಮೇಜಿನ ಮೇಲೆ. ಅಲ್ಲಿ ಆ ಕಾಯ್ದೆಯ ಹೆಸರನ್ನೇ ಯಾರೂ ಕೇಳಿರಲಿಲ್ಲ. ನನ್ನ ಮೊಬೈಲಿನಲ್ಲಿ ತೆರೆದು ತೋರಿಸಿದ ಮೇಲೂ ಪೊಲೀಸರು ತಾವಾಗಿ ತನಿಖೆ ಮಾಡಬೇಕಿಲ್ಲದ ಸಣ್ಣ ದೂರೆಂದು ಎನ್.ಸಿ. ಬರೆದುಕೊಂಡು ಮನೆಗೆ ಕಳುಹಿಸಿದರು. ಗೃಹ ಇಲಾಖೆಯೊಂದಿಗೆ ಮಾತನಾಡಿ, ಈ ಕಾಯ್ದೆಯ ಅಪರಾಧಗಳು ವಾರಂಟಿಲ್ಲದೆ ಬಂಧಿಸಬಹುದಾದವು, ಜಾಮೀನುರಹಿತವಾದವು ಎಂಬ ಒಂದು ಪುಟದ ಆದೇಶವನ್ನು ಪ್ರತಿ ಠಾಣೆಯ ಗೋಡೆಗೆ ಅಂಟಿಸಿದರೆ ಸಾಕು. 2017ರಲ್ಲಿ ಧುಳೆಯಲ್ಲಿ ನಿವಾಸಿ ವೈದ್ಯರೊಬ್ಬರ ಮೇಲೆ ಹಲ್ಲೆಯಾದಾಗ, 2024ರಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರ ಅತ್ಯಾಚಾರ, ಕೊಲೆಯ ಘೋರ ಕೃತ್ಯದ ನಂತರ, ದೊಡ್ಡ ಆಸ್ಪತ್ರೆಗಳ ಕಾವಲಿನ ಬಗ್ಗೆ ದೇಶವೆಲ್ಲ ಮಾತನಾಡಿತು, ಮಾತನಾಡಬೇಕಾದದ್ದೇ. ಕಾವಲುಗಾರನೇ ಇಲ್ಲದ ಒಂಟಿ ಕೋಣೆಯ ದವಾಖಾನೆಗೆ ಠಾಣೆಯೊಂದೇ ದಿಕ್ಕು.

ಜೈವಿಕ ತ್ಯಾಜ್ಯದ ನಿಯಮದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. 2016ರ ನಿಯಮಗಳು ಸರಿಯಾಗಿವೆ. ಸೂಜಿಗಳು ಗಟಾರಕ್ಕೆ ಬೀಳುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. 48 ಗಂಟೆಗಿಂತ ಹೆಚ್ಚು ಹೊತ್ತು ತ್ಯಾಜ್ಯ ಇಟ್ಟುಕೊಳ್ಳಬಾರದು, ಚೀಲಕ್ಕೆ ಬಾರ್‌ಕೋಡ್ ಇರಬೇಕು, ಜೂನ್ 30ರೊಳಗೆ ವಾರ್ಷಿಕ ವರದಿ ಸಲ್ಲಿಸಬೇಕು. ಆದರೆ ವ್ಯಾನು ನಮ್ಮ ಗಲ್ಲಿಗೆ ನುಗ್ಗಲಾರದು. ಅದು ಮುಖ್ಯರಸ್ತೆಯಲ್ಲಿ ನಿಂತು ಹಾರ್ನ್ ಹೊಡೆದಾಗ ಕಂಪೌಂಡರ್ ಹಳದಿ ಚೀಲ, ಕೆಂಪು ಚೀಲ ಹಿಡಿದು ಓಡಬೇಕು, ಆಗ ಇಲ್ಲಿ ಇಂಜೆಕ್ಷನ್ ಕಾಯುವವರು ಕಾಯುತ್ತಾರೆ. ಪ್ರತಿ ನಾಲ್ಕೈದು ಗಲ್ಲಿಗೊಂದು ಬೀಗ ಹಾಕಿದ ಸಾಮುದಾಯಿಕ ಪೆಟ್ಟಿಗೆಗೆ ಅವಕಾಶ ಮಾಡಿಕೊಟ್ಟರೆ ನಿಯಮಕ್ಕೂ ಧಕ್ಕೆಯಿಲ್ಲ, ನಮ್ಮ ಕೆಲಸವೂ ನಿಲ್ಲುವುದಿಲ್ಲ.

ಇದಕ್ಕಿಂತ ಕಷ್ಟದ್ದು ಸಣ್ಣ ನರ್ಸಿಂಗ್ ಹೋಮುಗಳ ಪ್ರಶ್ನೆ. ನನ್ನೊಂದಿಗೆ ಓದಿದ ಪ್ರಸೂತಿ ತಜ್ಞೆಯೊಬ್ಬರು ಪೂರ್ವ ಉಪನಗರದಲ್ಲಿ ಹತ್ತು ಹಾಸಿಗೆಯ ಹೆರಿಗೆ ಮನೆ ನಡೆಸುತ್ತಿದ್ದರು. ಹೋದ ವರ್ಷ ಮುಚ್ಚಿದರು. 1949ರ ನರ್ಸಿಂಗ್ ಹೋಮ್ ಕಾಯ್ದೆಯಡಿ ಮೂರು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಅದಕ್ಕೆ ಅಗ್ನಿಶಾಮಕ ಪ್ರಮಾಣಪತ್ರ ಬೇಕು, 2006ರ ಕಾಯ್ದೆಯಂತೆ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಅಗ್ನಿಸುರಕ್ಷಾ ಸಾಧನಗಳ ತಪಾಸಣಾ ಪತ್ರ ಬೇಕು. ಕಟ್ಟಡ ಹಳೆಯದು, ಎರಡನೆಯ ಮೆಟ್ಟಿಲು ಕಟ್ಟಲು ಜಾಗವಿಲ್ಲ, ಸೊಸೈಟಿಯವರು ಒಪ್ಪುವುದಿಲ್ಲ. 2021ರ ಜನವರಿಯಲ್ಲಿ ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಸುಗೂಸುಗಳು ಸತ್ತ ಮೇಲೆ, ಅದೇ ಮಾರ್ಚ್‌ನಲ್ಲಿ ಭಾಂಡೂಪಿನ ಮಾಲ್ ಒಳಗಿನ ಆಸ್ಪತ್ರೆಗೆ ಬೆಂಕಿ ಬಿದ್ದ ಮೇಲೆ, ಈ ನಿಯಮಗಳನ್ನು ಸಡಿಲಿಸಿ ಎಂದು ಕೇಳಲು ನನಗೆ ನಾಲಿಗೆ ಏಳುವುದಿಲ್ಲ. ಅವುಗಳಲ್ಲಿ ಮೊದಲನೆಯದು ಸರ್ಕಾರದ್ದೇ ಆಸ್ಪತ್ರೆ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ನಾನು ಕೇಳುವುದು ಇಷ್ಟು: ಹಳೆಯ ಕಟ್ಟಡದ ಹತ್ತು ಹಾಸಿಗೆಗೆ ಯಾವ ಪರ್ಯಾಯ ಸುರಕ್ಷೆ ಸಾಕಾಗುತ್ತದೆ, ಆಮ್ಲಜನಕ ಎಲ್ಲಿರಬೇಕು, ವಯರಿಂಗ್ ಎಂತಹುದಿರಬೇಕು, ರಾತ್ರಿ ಎಷ್ಟು ಮಂದಿ ಇರಬೇಕು ಎಂಬುದನ್ನು ಎಂಜಿನಿಯರುಗಳನ್ನು ಕೂರಿಸಿ ಬರೆಸಿ, ಅದಕ್ಕೆ ತಗಲುವ ಖರ್ಚಿಗೆ ಕಡಿಮೆ ಬಡ್ಡಿಯ ಸಾಲ ಕೊಡಿಸಿ. ಈಗ ಇರುವುದು ಎರಡೇ ದಾರಿ, ಮುಚ್ಚುವುದು ಇಲ್ಲವೇ ಕಣ್ಣು ಮುಚ್ಚಿಸುವುದು. ನನ್ನ ಗೆಳತಿ ಮೊದಲನೆಯದನ್ನು ಆರಿಸಿಕೊಂಡರು. ಅವರ ಬಳಿ ಹೆರಿಗೆಗೆ ಬರುತ್ತಿದ್ದ ಹೆಂಗಸರು ಈಗ ಎರಡು ಲೋಕಲ್ ಬದಲಿಸಿ ಹೋಗುತ್ತಾರೆ.

ಜೆನರಿಕ್ ಔಷಧಗಳನ್ನೇ ಬರೆಯಬೇಕೆಂಬ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ 2023ರ ಆಗಸ್ಟ್ 2ರಂದು ಬಂದು ಅದೇ ತಿಂಗಳ 23ಕ್ಕೆ ತಡೆಹಿಡಿಯಲ್ಪಟ್ಟದ್ದನ್ನು ತಾವು ಬಲ್ಲಿರಿ. ಅದು ತಮ್ಮ ಕೈಯಲ್ಲಿಲ್ಲ, ಆದ್ದರಿಂದ ಬೆಳೆಸುವುದಿಲ್ಲ.

ತಮ್ಮ ಕೈಯಲ್ಲಿರುವುದು ಮೇಲೆ ಹೇಳಿದ ನಾಲ್ಕೈದು ಕೆಲಸಗಳು, ಮತ್ತು ಅವುಗಳಲ್ಲಿ ಮೊದಲನೆಯದಾಗಿ ಆ ಒಬ್ಬ ಮನುಷ್ಯನ ನೇಮಕ. ಇದಕ್ಕೆ ಪ್ರತ್ಯೇಕ ಯೋಜನೆಯೂ ಉದ್ಘಾಟನೆಯೂ ಬೇಕಿಲ್ಲ. ಈ ಮಳೆಗಾಲದೊಳಗೆ ಒಂದು ವಾರ್ಡಿನಲ್ಲಿ ಮಾಡಿ ನೋಡಬಹುದು. ಅದು ನಮ್ಮ ವಾರ್ಡೇ ಆಗಬೇಕೆಂಬ ಹಟ ನನಗಿಲ್ಲ, ಆದರೂ ಇಲ್ಲಿಂದ ಆರಂಭಿಸಿದರೆ ಕನ್ನಡ, ತಮಿಳು, ತೆಲುಗು ಬಲ್ಲ ಹುಡುಗ ಹುಡುಗಿಯರು ಈ ಗಲ್ಲಿಗಳಲ್ಲೇ ಸಿಗುತ್ತಾರೆ. ಗುಳಿಗೆಯ ಕಾರ್ಡನ್ನು ಆ ಭಾಷೆಗಳಲ್ಲಿ ಅಚ್ಚು ಹಾಕಿಸಿದರೆ ಕನ್ನಡದ ಕರಡನ್ನು ನಾನು ಕಾಸಿಲ್ಲದೆ ತಿದ್ದಿಕೊಡುತ್ತೇನೆ.

ಜಾತ್ರೆಗೆ ಹೋದವನು ಇನ್ನೂ ಮರಳಿಲ್ಲ. ಅವನ ಐದನೆಯ ತಿಂಗಳು ಮುಂದಿನ ಸೋಮವಾರ ಶುರುವಾಗುತ್ತದೆ, ಮುಕಾದಮನ ಫೋನು ಮೂರು ದಿನಗಳಿಂದ ಸ್ವಿಚ್ ಆಫ್ ಇದೆ. ನಾಳೆ ಬೆಳಿಗ್ಗೆ ಅವನ ತಾಲ್ಲೂಕಿನ ಆಸ್ಪತ್ರೆಗೆ ಇನ್ನೊಮ್ಮೆ ಕರೆ ಮಾಡುವವನಿದ್ದೇನೆ. ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ಧಾರಾವಿಯ ಒಬ್ಬ ಕುಟುಂಬ ವೈದ್ಯ