ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ

ಪ್ರಿಯ ಗೆಳೆಯಾ,

ಮಗಳನ್ನು ಓದೋಕೆ ಅಮೆರಿಕದ ಕಾಲೇಜಿಗೆ ಕಳಿಸಲಾ ಅಂತ ಕೇಳಿದ ನಿನ್ನ ಮೆಸೇಜ್ ಓದಿದೆ. ಮಗಳ ವಿಚಾರ ಮೊದಲು ಮುಗಿಸಿಬಿಡ್ತೀನಿ. ಕಳಿಸು. ಈಜಿನಲ್ಲಿ ಸ್ಕಾಲರ್‌ಶಿಪ್ ಸಿಗುವ ಮಟ್ಟ ಅವಳಿಗಿದ್ದರೆ ಯೋಚಿಸುತ್ತಾ ಕೂರಬೇಡ. ಆದರೆ ಸ್ಕಾಲರ್‌ಶಿಪ್ ಎಷ್ಟು ವರ್ಷದ್ದು ಅಂತ ಕೇಳಿ, ಬರಹದಲ್ಲೇ ತಗೋ. ಏಜೆಂಟ್ ಬಾಯಲ್ಲಿ ಹೇಳಿದ್ದನ್ನು ನಂಬಬೇಡ. ಇನ್ನೊಂದು ಮಾತು. 2021ರ ಜುಲೈ 1ರಿಂದ ಇಲ್ಲಿ ಕಾಲೇಜು ಆಟಗಾರರು ತಮ್ಮ ಹೆಸರು, ಫೋಟೋ ಬಳಸಿ ಜಾಹೀರಾತಿನಿಂದ ದುಡ್ಡು ಮಾಡಬಹುದು. ಆದರೆ ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಅದು ಬಿಸಿ ತುಪ್ಪ. ಕೆಂಟಕಿ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಸ್ಕರ್ ಷೀಬ್ವೆ ಅಂತ ಕಾಂಗೋ ದೇಶದ ಹುಡುಗ ಇದ್ದ. 2022ರಲ್ಲಿ ತಂಡ ಆಡೋಕೆ ಬಹಾಮಾಸ್‌ಗೆ ಹೋದಾಗ ತನ್ನ ಜಾಹೀರಾತಿನ ಕೆಲಸವನ್ನೆಲ್ಲ ಅಲ್ಲೇ ಮಾಡಿದ. ಅಮೆರಿಕದ ನೆಲದ ಮೇಲೆ ಮಾಡಿದ್ದರೆ ವೀಸಾಕ್ಕೇ ಸಂಚಕಾರ. ಪಕ್ಕದಲ್ಲಿ ಆಡುವ ಇಲ್ಲಿನ ಹುಡುಗನಿಗೆ ಈ ತಾಪತ್ರಯವೇ ಇಲ್ಲ.

ಆದರೆ ಕೊನೆಗೆ ನೀನೊಂದು ಸಾಲು ಸೇರಿಸಿದ್ದೆ ನೋಡು. ‘ಅಲ್ಲಿ ನಮ್ಮ ಹಾಗಲ್ಲ ಬಿಡು, ರೂಲ್ಸ್ ಅಂದ್ರೆ ರೂಲ್ಸ್’ ಅಂತ. ಅದನ್ನು ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ರೂಲ್ಸ್ ಇದೆ ಮಾರಾಯ, ಬೇಕಾದಷ್ಟಿದೆ. ಇಲ್ಲಿನ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಹಿಂದೆ ಎಷ್ಟು ಕಟ್ಟುನಿಟ್ಟಾಗಿತ್ತು ಅಂದರೆ, ಆಟಗಾರರಿಗೆ ತಿಂಡಿ ಅಂತ ಬೇಗಲ್ ಅನ್ನೋ ಬ್ರೆಡ್ ಕೊಡಬಹುದಿತ್ತು. ಅದರ ಮೇಲೆ ಕ್ರೀಮ್ ಚೀಸ್ ಸವರಿದರೆ ತಪ್ಪು! ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಮೂವರು ಆಟಗಾರರು ಪದವಿ ಔತಣದಲ್ಲಿ ಪಾಸ್ತಾ ಸ್ವಲ್ಪ ಜಾಸ್ತಿ ತಿಂದರು. ವಿಶ್ವವಿದ್ಯಾಲಯ ತಾನೇ ಹೋಗಿ ವರದಿ ಮಾಡಿತು. ಮೂವರೂ ತಲಾ 3 ಡಾಲರ್ 83 ಸೆಂಟ್ ದಾನ ಕೊಟ್ಟು ಶುದ್ಧರಾದರು. 2014ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್ ತಂಡದ ಶಬಾಜ್ ನೇಪಿಯರ್, ಎಷ್ಟೋ ರಾತ್ರಿ ಹಸಿದ ಹೊಟ್ಟೆಯಲ್ಲೇ ಮಲಗುತ್ತೇನೆ ಅಂತ ಪತ್ರಕರ್ತರ ಮುಂದೆ ಹೇಳಿದ. ಅದೇ ತಿಂಗಳು ಊಟ-ತಿಂಡಿಯ ಮಿತಿ ತೆಗೆದರು.

ಪಾಸ್ತಾ ಅಳೆದು ಕೊಡುವವರು ದೊಡ್ಡ ಕಳ್ಳತನವನ್ನು ಹೇಗೆ ಹಿಡಿಯಬಹುದು ಅಂತ ನಿನಗೆ ಅನಿಸುತ್ತೆ ಅಲ್ವಾ? ಅಲ್ಲೇ ಇರೋದು ಮಜಾ.

2010ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರ ಎ. ಜೆ. ಗ್ರೀನ್ ತನ್ನದೇ ಜೆರ್ಸಿಯನ್ನು 1,000 ಡಾಲರ್‌ಗೆ ಮಾರಿದ. ನಾಲ್ಕು ಪಂದ್ಯ ಹೊರಗೆ ಕೂರಿಸಿದರು, ತಕ್ಷಣವೇ. ಅದೇ ವರ್ಷ ಡಿಸೆಂಬರ್‌ನಲ್ಲಿ ಒಹಾಯೊ ಸ್ಟೇಟ್‌ನ ಐವರು ಆಟಗಾರರು ಉಂಗುರ, ಜೆರ್ಸಿ ಮಾರಿದ್ದು, ರಿಯಾಯಿತಿಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದು ಹೊರಗೆ ಬಂತು. ಐದು ಪಂದ್ಯದ ಶಿಕ್ಷೆ. ಆದರೆ ಶುರುವಾಗೋದು ಮುಂದಿನ ಸೀಸನ್‌ನಿಂದ! ಎದುರಿಗೇ ಇದ್ದ, ಸೀಸನ್ ಕೊನೆಯ ದೊಡ್ಡ ಪಂದ್ಯ ಶುಗರ್ ಬೌಲ್ ಅನ್ನು ಐವರೂ ಆಡಿದರು, ತಂಡ ಗೆದ್ದಿತು. ಹುಡುಗರಿಗೆ ನಿಯಮ ಸರಿಯಾಗಿ ಹೇಳಿಕೊಟ್ಟಿರಲಿಲ್ಲ ಅನ್ನೋದು ಎನ್‌ಸಿಎಎ ಕೊಟ್ಟ ಕಾರಣ. ಐವರನ್ನೂ ಆಡಿಸಿ ಅಂತ ಬೌಲ್ ನಡೆಸುವವರೇ ಕೇಳಿಕೊಂಡಿದ್ದೂ ಆಮೇಲೆ ಗೊತ್ತಾಯಿತು. ಟಿಕೆಟ್ ಮಾರಾಟ ಆಗಿತ್ತಲ್ಲ.

ಇದನ್ನೆಲ್ಲ ಯಾವಾಗಲೋ ಒಮ್ಮೆ ಆಗುವ ಎಡವಟ್ಟು ಅಂದುಕೊಂಡು ಬಿಡಬಹುದಿತ್ತು. ನನಗೆ ನಿಜವಾಗಿ ಹೊಟ್ಟೆ ಉರಿದಿದ್ದು ನಮ್ಮ ಪಕ್ಕದ ಊರಿನ ಕತೆಗೆ. ನಾನಿರುವ ಕ್ಯಾರಿಯಿಂದ ಚಾಪೆಲ್ ಹಿಲ್ ಕಾರಿನಲ್ಲಿ ಅರ್ಧ ಗಂಟೆ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಇರೋದು ಅಲ್ಲೇ. ಮೈಕಲ್ ಜೋರ್ಡನ್ ಓದಿದ ಜಾಗ. ಬಾಸ್ಕೆಟ್‌ಬಾಲ್ ಸೀಸನ್‌ನಲ್ಲಿ ಇಲ್ಲಿ ಅಂಗಡಿಯ ಗಾಜಿಗೂ ತಿಳಿನೀಲಿ ಬಣ್ಣ ಬಂದುಬಿಡುತ್ತದೆ.

ಅಲ್ಲಿ 1993ರಿಂದ 2011ರವರೆಗೆ ಒಂದು ವಿಭಾಗದಲ್ಲಿ ವಿಚಿತ್ರ ಕ್ಲಾಸುಗಳು ನಡೆದವು. ನಡೆದವು ಅನ್ನೋದೂ ತಪ್ಪು, ಕ್ಲಾಸೇ ಇರಲಿಲ್ಲ. ಮೇಷ್ಟ್ರೂ ಇಲ್ಲ, ಹಾಜರಿಯೂ ಇಲ್ಲ. ಸೆಮಿಸ್ಟರ್ ಕೊನೆಗೆ ಒಂದು ಪ್ರಬಂಧ ಕೊಟ್ಟರೆ ಮುಗಿಯಿತು. ಅದಕ್ಕೆ ಗ್ರೇಡ್ ಹಾಕುತ್ತಿದ್ದದ್ದು ಯಾರು ಗೊತ್ತಾ? ವಿಭಾಗದ ಆಫೀಸ್ ಮ್ಯಾನೇಜರ್. ಫೆಡರಲ್ ಪ್ರಾಸಿಕ್ಯೂಟರ್ ಆಗಿದ್ದ ಕೆನೆತ್ ವೈನ್‌ಸ್ಟೀನ್ ತನಿಖೆ ಮಾಡಿ 2014ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟರು. ಸುಮಾರು 3,100 ವಿದ್ಯಾರ್ಥಿಗಳು ಇಂಥ ಕ್ಲಾಸು ತಗೊಂಡಿದ್ದರು, ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಕ್ರೀಡಾಪಟುಗಳು.

ಆ ವರದಿಯಲ್ಲಿ ಒಂದು ಸ್ಲೈಡ್ ಇದೆ. ಆಟಗಾರರ ಓದು ನೋಡಿಕೊಳ್ಳುವ ಸಿಬ್ಬಂದಿ 2009ರಲ್ಲಿ ಫುಟ್‌ಬಾಲ್ ಕೋಚ್‌ಗಳಿಗೆ ತೋರಿಸಿದ್ದು. ಹಿಂದೆಲ್ಲ ಹೇಗೆ ಸಂಭಾಳಿಸುತ್ತಿದ್ದೆವು ಅಂತ ಅದರಲ್ಲಿ ಪಟ್ಟಿ ಮಾಡಿದ್ದಾರೆ. ಹುಡುಗರು ಕ್ಲಾಸಿಗೆ ಹೋಗಬೇಕಿರಲಿಲ್ಲ, ನೋಟ್ಸ್ ಬರೆಯಬೇಕಿರಲಿಲ್ಲ, ಎಚ್ಚರವಾಗಿ ಕೂರಬೇಕಿರಲಿಲ್ಲ, ಮೇಷ್ಟ್ರನ್ನು ನೋಡಬೇಕಿರಲಿಲ್ಲ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಇಂಥ ಕ್ಲಾಸುಗಳು ಈಗ ಇಲ್ಲ ಅಂತ. ಆ ಮ್ಯಾನೇಜರ್ ಆಗತಾನೇ ನಿವೃತ್ತರಾಗಿದ್ದರು, ಇವರಿಗೆ ಅದೇ ಚಿಂತೆ! ಕದ್ದದ್ದಕ್ಕಲ್ಲ, ಕದಿಯುವ ದಾರಿ ಮುಚ್ಚಿತಲ್ಲ ಅಂತ ದುಃಖ.

ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಕೊಡುವ ಸಂಸ್ಥೆ ಒಂದು ವರ್ಷ ಪ್ರೊಬೇಷನ್, ಅಂದರೆ ನಿಗಾ, ಹಾಕಿತು. ಎನ್‌ಸಿಎಎ ಏನು ಮಾಡಿತು? 2017ರ ಅಕ್ಟೋಬರ್ 13ರಂದು ತೀರ್ಪು ಬಂತು. ಈ ಕ್ಲಾಸುಗಳು ಆಟಗಾರರಿಗೆ ಮಾತ್ರ ಅಲ್ಲ, ಎಲ್ಲ ವಿದ್ಯಾರ್ಥಿಗಳಿಗೂ ಇದ್ದವು. ಹಾಗಾಗಿ ಇದು ಆಟಗಾರರಿಗೆ ಕೊಟ್ಟ ವಿಶೇಷ ಸವಲತ್ತು ಅನ್ನೋಕೆ ಬರಲ್ಲ. ಇನ್ನು ಓದಿನ ಮೋಸ ಹೌದೋ ಅಲ್ಲವೋ ಅಂತ ಹೇಳಬೇಕಾದ್ದು ಆಯಾ ವಿಶ್ವವಿದ್ಯಾಲಯವೇ. ವಿಶ್ವವಿದ್ಯಾಲಯ ಅಲ್ಲ ಅಂದಿತ್ತು. ಕೇಸ್ ಮುಗಿಯಿತು. ಗೆದ್ದ ಕಪ್‌ಗಳ ನೆನಪಿಗೆ ತೂಗುಹಾಕಿದ ಬ್ಯಾನರ್ ಒಂದೂ ಇಳಿಯಲಿಲ್ಲ. ಅಷ್ಟು ಹೊತ್ತಿಗೆ ವಿಶ್ವವಿದ್ಯಾಲಯಕ್ಕೆ ವಕೀಲರು, ಸಲಹೆಗಾರರು ಅಂತ ಕೋಟಿ ಡಾಲರ್ ಮೀರಿ ಖರ್ಚಾಗಿತ್ತು. ಆ ತೀರ್ಪು ಕೊಟ್ಟ ಸಮಿತಿಯ ಮುಖ್ಯಸ್ಥ ಗ್ರೆಗ್ ಸ್ಯಾಂಕಿ. ಆತ ಎಸ್‌ಇಸಿ ಅನ್ನೋ ಇನ್ನೊಂದು ದೊಡ್ಡ ಕಾಲೇಜು ಕೂಟದ ಕಮಿಷನರ್ ಕೂಡ. ಇಲ್ಲಿ ನ್ಯಾಯ ಹೇಳೋಕೆ ಕೂರುವವರು ಬಹುತೇಕ ಕಾಲೇಜು ಕಡೆಯವರೇ.

ಈಗ ಮಿಜೌರಿಯದು ಕೇಳು. ಅಲ್ಲಿ ಒಬ್ಬ ಟ್ಯೂಟರ್ 12 ಆಟಗಾರರ ಹೋಂವರ್ಕ್, ಪರೀಕ್ಷೆ ತಾನೇ ಮಾಡಿಕೊಟ್ಟಿದ್ದನ್ನು ಒಪ್ಪಿಕೊಂಡಳು. ವಿಶ್ವವಿದ್ಯಾಲಯ ಮುಚ್ಚಿಡಲಿಲ್ಲ. ತಾನೇ ಎನ್‌ಸಿಎಎಗೆ ತಿಳಿಸಿತು, ತನಿಖೆಗೆ ಸಹಕರಿಸಿತು. 2019ರ ಜನವರಿ 31ಕ್ಕೆ ಬಹುಮಾನ ಬಂತು. ಫುಟ್‌ಬಾಲ್, ಬೇಸ್‌ಬಾಲ್, ಸಾಫ್ಟ್‌ಬಾಲ್ ಮೂರೂ ತಂಡಗಳಿಗೆ ಒಂದು ವರ್ಷ ಪೋಸ್ಟ್‌ಸೀಸನ್ ಬ್ಯಾನ್. ಅಂದರೆ ಲೀಗ್ ಆಡಬಹುದು, ಗೆದ್ದರೂ ಮುಂದಿನ ಟೂರ್ನಿಗೆ ಹೋಗುವ ಹಾಗಿಲ್ಲ. ಚಾಪೆಲ್ ಹಿಲ್‌ನವರನ್ನು ಬಿಟ್ಟಿರಲ್ಲ ಅಂತ ಕೇಳಿದ್ದಕ್ಕೆ ಬಂದ ಉತ್ತರದ ಸಾರ ಇಷ್ಟೇ: ಅವರು ತಮ್ಮ ಕ್ಲಾಸುಗಳನ್ನು ಸಮರ್ಥಿಸಿಕೊಂಡರು, ಮಿಜೌರಿ ತಪ್ಪು ಅಂತ ಒಪ್ಪಿಕೊಂಡಿತು. ಅದೇ ನವೆಂಬರ್‌ನಲ್ಲಿ ಮಿಜೌರಿಯ ಮೇಲ್ಮನವಿಯೂ ತಿರಸ್ಕಾರ ಆಯಿತು.

ಇಲ್ಲಿನ ಒಬ್ಬ ಹಳೇ ಕೋಚ್ ಈ ಮಾತನ್ನು ಎಂಬತ್ತರ ದಶಕದಲ್ಲೇ ಹೇಳಿದ್ದ. ಜೆರ್ರಿ ಟಾರ್ಕೇನಿಯನ್ ಅಂತ, ಲಾಸ್ ವೇಗಸ್ ತಂಡದವನು. ಪಂದ್ಯ ನಡೆಯುವಾಗ ಒದ್ದೆ ಟವೆಲ್ ಕಚ್ಚಿಕೊಂಡು ಕೂರುತ್ತಿದ್ದ. ಎನ್‌ಸಿಎಎಗೆ ಕೆಂಟಕಿ ಮೇಲೆ ಎಷ್ಟು ಕೋಪ ಬಂದಿದೆ ಅಂದರೆ, ಕ್ಲೀವ್‌ಲ್ಯಾಂಡ್ ಸ್ಟೇಟ್‌ಗೆ ಇನ್ನೆರಡು ವರ್ಷ ಶಿಕ್ಷೆ ಗ್ಯಾರಂಟಿ ಅಂತ ಅವನ ಜೋಕು. ಕೆಂಟಕಿ ದೊಡ್ಡ ಕುಳ, ಕ್ಲೀವ್‌ಲ್ಯಾಂಡ್ ಸ್ಟೇಟ್ ಸಣ್ಣದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಟಾರ್ಕೇನಿಯನ್ ಏನೂ ಸಾಚಾ ಅಲ್ಲ ಬಿಡು, ಅವನ ತಂಡಗಳೂ ಶಿಕ್ಷೆ ತಿಂದಿವೆ. ಆದರೂ ಅವನು ಎನ್‌ಸಿಎಎ ಜೊತೆ ದಶಕಗಳ ಕಾಲ ಗುದ್ದಾಡಿದ. 1988ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5-4ರಲ್ಲಿ ಸೋತ. ಕೊನೆಗೆ 1998ರಲ್ಲಿ ಅವರಿಂದಲೇ 25 ಲಕ್ಷ ಡಾಲರ್ ಪರಿಹಾರ ವಸೂಲಿ ಮಾಡಿದ. ಹಟ ಅಂದರೆ ಅದು.

ಎಲ್ಲಕ್ಕಿಂತ ಕೆಟ್ಟದ್ದು ಬಾಸ್ಕೆಟ್‌ಬಾಲ್ ಪ್ರಕರಣ. 2017ರ ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ಕೆಲವು ಸಹಾಯಕ ಕೋಚ್‌ಗಳನ್ನೂ ಶೂ ಕಂಪನಿಗೆ ಸೇರಿದವರನ್ನೂ ಬಂಧಿಸಿತು. ಓಕ್ಲಹೋಮ ಸ್ಟೇಟ್‌ನ ಒಬ್ಬ ಸಹಾಯಕ ಕೋಚ್ ಸಿಕ್ಕಿಬಿದ್ದ. ಆಟಗಾರರನ್ನು ಹಣಕಾಸು ಸಲಹೆಗಾರರ ಕಡೆ ತಿರುಗಿಸೋಕೆ ಅಂತ ಅವನು ಲಂಚ ತಿಂದಿದ್ದ, ಸುಮಾರು 20,000 ಡಾಲರ್. ಕಾಲೇಜು ಅವನನ್ನು ಕೆಲಸದಿಂದ ತೆಗೆಯಿತು, ಕೇಳಿದ್ದನ್ನೆಲ್ಲ ಕೊಟ್ಟಿತು, ಮಾಮೂಲಿ ದಾರಿಯಲ್ಲೇ ವಿಚಾರಣೆಗೆ ಹೋಯಿತು. 2020ರ ಜೂನ್‌ನಲ್ಲಿ ಬಂದದ್ದು ಪೋಸ್ಟ್‌ಸೀಸನ್ ಬ್ಯಾನ್. 2021ರ ನವೆಂಬರ್‌ನಲ್ಲಿ ಮೇಲ್ಮನವಿ ತಿರಸ್ಕಾರ ಆದಾಗ ಮುಖ್ಯ ಕೋಚ್ ಮೈಕ್ ಬಾಯ್ಂಟನ್ ಮಾಧ್ಯಮದ ಮುಂದೆ ಬಂದ. ಆ ವಿಡಿಯೋ ಸಿಕ್ಕರೆ ನೋಡು. ಕೋಪ, ಅಳು ಎರಡೂ ಒಟ್ಟಿಗೆ ಬರುತ್ತೆ ಆ ಮನುಷ್ಯನಿಗೆ. ಅವನ ಹುಡುಗರಲ್ಲಿ ಬಹುಪಾಲು ಜನ 2017ರಲ್ಲಿ ಇನ್ನೂ ಹೈಸ್ಕೂಲಿನಲ್ಲಿದ್ದವರು.

ಅದೇ ಎಫ್‌ಬಿಐ ಕೇಸಿನ ಎಳೆ ಹಿಡಿದು ಎನ್‌ಸಿಎಎ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೇಲೂ ಆರೋಪ ಹೊರಿಸಿತು. ಅತ್ಯಂತ ಗಂಭೀರ ಅನ್ನುವ ದರ್ಜೆಯ ಐದು ಆರೋಪ, ಮುಖ್ಯ ಕೋಚ್ ಬಿಲ್ ಸೆಲ್ಫ್ ಹೆಸರೂ ಸೇರಿ. ಕ್ಯಾನ್ಸಸ್ ಒಂದನ್ನೂ ಬಿಡದೆ ಜಗಳ ಕಾಯಿತು. ಕೇಸು ಬೇರೊಂದು ಸ್ವತಂತ್ರ ಸಮಿತಿಗೆ ಹೋಗಿ ವರ್ಷಗಟ್ಟಲೆ ಎಳೆಯಿತು. ಎಳೆಯುತ್ತಿದ್ದ ಹೊತ್ತಿನಲ್ಲೇ 2022ರ ಏಪ್ರಿಲ್ 4ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್ ನಡೆಯಿತು. ಆಡಿದವರು ಯಾರು ಹೇಳು? ಕ್ಯಾನ್ಸಸ್ ಮತ್ತು ನಾರ್ತ್ ಕ್ಯಾರೊಲಿನಾ! ಅರ್ಧ ಹೊತ್ತಿಗೆ 15 ಅಂಕ ಹಿಂದಿದ್ದ ಕ್ಯಾನ್ಸಸ್ 72-69ರಲ್ಲಿ ಗೆದ್ದಿತು. ಅದ್ಭುತ ಪಂದ್ಯ, ಸುಳ್ಳು ಹೇಳಲ್ಲ. ನಮ್ಮ ಏರಿಯಾದವರೆಲ್ಲ ಸಪ್ಪೆ ಮುಖ ಹಾಕಿಕೊಂಡಿದ್ದರು. ಓಕ್ಲಹೋಮ ಸ್ಟೇಟ್ ಹುಡುಗರಿಗೆ ಆ ವರ್ಷ ಮನೆಯಲ್ಲಿ ಕೂತು ಟಿವಿ ನೋಡುವ ಭಾಗ್ಯ.

2023ರ ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ತೀರ್ಪು ಬಂತು. 2018ರ ಕೆಲವು ಗೆಲುವು ದಾಖಲೆಯಿಂದ ಅಳಿಸಿದರು, ಪ್ರೊಬೇಷನ್ ಹಾಕಿದರು. ಬ್ಯಾನ್ ಇಲ್ಲ. 2022ರ ಕಪ್ ಕಪಾಟಿನಲ್ಲೇ ಉಳಿಯಿತು. ಆ ಸ್ವತಂತ್ರ ಸಮಿತಿಯ ವ್ಯವಸ್ಥೆಯನ್ನೇ ಆಮೇಲೆ ಮುಚ್ಚಿದರು.

ಇದೆಲ್ಲ ದೊಡ್ಡ ಪಿತೂರಿ ಅಂತ ಇಲ್ಲಿ ಜನ ಮಾತಾಡಿಕೊಳ್ಳುತ್ತಾರೆ. ನನಗೆ ಹಾಗನಿಸಲ್ಲ. ಎನ್‌ಸಿಎಎ ಪೊಲೀಸ್ ಅಲ್ಲ, ಕೋರ್ಟೂ ಅಲ್ಲ. ಅದಕ್ಕೆ ಯಾರಿಗೂ ಸಮನ್ಸ್ ಕೊಡುವ ಅಧಿಕಾರ ಇಲ್ಲ. ಶೂ ಕಂಪನಿಯವನು ನಾನು ಮಾತಾಡಲ್ಲ ಅಂದರೆ ಮುಗಿಯಿತು, ಹೊರಗಿನವರ ಬ್ಯಾಂಕ್ ಲೆಕ್ಕ ಕೇಳೋಕೂ ಆಗಲ್ಲ. ಹಾಗಾಗಿ ಅದರ ಕೇಸುಗಳಲ್ಲಿ ಜಾಸ್ತಿ ಪಾಲು ನಿಂತಿರೋದು ಕಾಲೇಜು ತಾನಾಗಿ ಹೇಳಿದ್ದರ ಮೇಲೆ. ಹೇಳಿದವನ ಬಾಯಿಂದಲೇ ಪುರಾವೆ ಸಿಗುತ್ತದೆ, ಅವನಿಗೇ ಶಿಕ್ಷೆ ಬೀಳುತ್ತದೆ. ಬಾಯಿ ಬಿಡದೆ ವಕೀಲರನ್ನು ಇಡುವ ತಾಕತ್ತಿದ್ದವನ ಮುಂದೆ ಪುರಾವೆಯೇ ಇರಲ್ಲ. ಇಷ್ಟು ಸಾಕಲ್ವಾ, ಪಿತೂರಿ ಯಾಕೆ ಬೇಕು? ಮಾರ್ಚ್‌ನಲ್ಲಿ ನಡೆಯುವ ಬಾಸ್ಕೆಟ್‌ಬಾಲ್ ಟೂರ್ನಿಯ ಟಿವಿ ಹಕ್ಕನ್ನು 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರ್‌ಗೆ ಮಾರಿದ್ದಾರೆ ಅನ್ನೋದೂ ತಲೆಯಲ್ಲಿರಲಿ. ಜನ ಟಿವಿ ಹಾಕೋದು ಕ್ಯಾನ್ಸಸ್, ಕೆಂಟಕಿ ನೋಡೋಕೆ.

ನೀನು ಯೂನಿವರ್ಸಿಟಿ ತಂಡಕ್ಕೆ ಆಡಿ ‘ಬ್ಲೂ’ ಅನಿಸಿಕೊಂಡವನು, ನಿನಗೆ ನಾನು ಹೇಳಬೇಕಾ? ನಮ್ಮ ಕಾಲೇಜಿನಲ್ಲಿ ಹಾಜರಾತಿ ಕಡಿಮೆ ಅಂತ ಯಾರ ಹಾಲ್ ಟಿಕೆಟ್ ತಡೆಯುತ್ತಿದ್ದರು, ಯಾರದ್ದು ತಾನಾಗಿ ಬರುತ್ತಿತ್ತು ಅಂತ ನೆನಪಿದೆಯಲ್ಲ. ಆದರೆ ಅಲ್ಲಿ ನಿಯಮ ಮುರಿದದ್ದನ್ನು ಯಾರೂ ನೂರು ಪುಟದ ತೀರ್ಪು ಬರೆದು ಸಮರ್ಥಿಸಲಿಲ್ಲ. ಇಲ್ಲಿ ಎಲ್ಲವನ್ನೂ ಬರೆದಿಡುತ್ತಾರೆ. ಅದೇ ಒಳ್ಳೆಯದು ಅಂತ ನನಗೆ ಕೆಲವೊಮ್ಮೆ ಅನಿಸುತ್ತೆ, ಕನಿಷ್ಠ ಪಕ್ಕಪಕ್ಕ ಇಟ್ಟು ಓದಬಹುದು.

ಹಾಗೆ ಓದಿದ ಕೊನೆಯದು 2025ರ ಆಗಸ್ಟ್‌ನದು. ಮಿಷಿಗನ್ ಫುಟ್‌ಬಾಲ್ ತಂಡದವರು ಎದುರಾಳಿ ತಂಡಗಳ ಸನ್ನೆಗಳನ್ನು ಕದಿಯೋಕೆ ಅವರ ಪಂದ್ಯಗಳಿಗೆ ಜನ ಕಳಿಸಿ ವಿಡಿಯೋ ಮಾಡಿಸಿದ ಕೇಸು. ಅದೇ ಹೊತ್ತಿನ 2023ರ ಸೀಸನ್‌ನಲ್ಲಿ ಅವರು ರಾಷ್ಟ್ರೀಯ ಚಾಂಪಿಯನ್ ಕೂಡ ಆದರು. ಈ ತಪ್ಪಿಗೆ ಪೋಸ್ಟ್‌ಸೀಸನ್ ಬ್ಯಾನ್ ಹಾಕಬೇಕಾಗುತ್ತದೆ ಅಂತ ಸಮಿತಿಯೇ ಹೇಳಿತು. ಆದರೆ ತಪ್ಪು ಮಾಡಿದ ಕೋಚ್‌ಗಳು ಈಗ ತಂಡದ ಜೊತೆ ಇಲ್ಲ, ಅವರ ತಪ್ಪಿಗೆ ಈಗ ಆಡುತ್ತಿರುವ ಹುಡುಗರನ್ನು ಶಿಕ್ಷಿಸೋದು ನ್ಯಾಯವಲ್ಲ ಅಂತ ದಂಡಕ್ಕೆ ಇಳಿಸಿತು. ಎಲ್ಲ ಸೇರಿ 2 ಕೋಟಿ ಡಾಲರ್ ಮೀರಬಹುದು ಅಂತ ಅಂದಾಜು. ಆ ವಾದ ನನಗೂ ಸರಿ ಅನಿಸುತ್ತದೆ, ನಿಯಮವೂ ಈಚೆಗೆ ಆ ಕಡೆ ವಾಲಿದೆ. ಬಾಯ್ಂಟನ್ 2021ರಲ್ಲಿ ಕಣ್ಣು ಒರೆಸಿಕೊಳ್ಳುತ್ತ ಕೇಳಿದ್ದೂ ಹೆಚ್ಚುಕಮ್ಮಿ ಇದನ್ನೇ.

ಅಂದಹಾಗೆ, 2024ರ ಮಾರ್ಚ್‌ನಲ್ಲಿ ಓಕ್ಲಹೋಮ ಸ್ಟೇಟ್ ಬಾಯ್ಂಟನ್‌ನನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ಅವನು ಬಾಸ್ಕೆಟ್‌ಬಾಲ್ ಸಹಾಯಕ ಕೋಚ್ ಆಗಿ ಬೇರೆ ಕಡೆ ಸೇರಿಕೊಂಡ. ಎಲ್ಲಿ ಗೊತ್ತಾ? ಮಿಷಿಗನ್‌ನಲ್ಲಿ.

ನಿನ್ನ ಗೆಳೆಯ,
ಕ್ಯಾರಿ, ನಾರ್ತ್ ಕ್ಯಾರೊಲಿನಾ